ಹೊಲಿಗೆಯೊಳಗಿನ ಎರಡು ಬೆರಳು

ದರ್ಜಿಗೆ ಒಂದು ನಿಯಮವಿತ್ತು. ಯಾರ ಬಟ್ಟೆಯೇ ಇರಲಿ, ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಮಡಚಿ ಬಿಡುತ್ತಿದ್ದ. "ಮೈ ನಮ್ಮನ್ನ ಕೇಳಿ ದಪ್ಪ ಆಗುತ್ತಾ? ನಾಳೆ ಬಿಚ್ಚಿ ಹೊಲಿಯೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದ. ಊರವರ ಮೈಯ ಬಗ್ಗೆ ಇಷ್ಟು ತಿಳಿದವನು ಕಟ್ಟಿಕೊಂಡವಳ ವಿಷಯದಲ್ಲಿ ಎಡವಿದ.

ಹೆಂಡತಿಗೆ ಕೀಲುನೋವು. ವರ್ಷಗಳಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಳು. ನೋವು ತಗ್ಗಿತ್ತು, ಆದರೆ ಮುಖ ಗುಂಡಗೆ ಊದಿ, ಸೊಂಟ ದಪ್ಪವಾಗಿ, ಕೈಕಾಲು ಮಾತ್ರ ಕಡ್ಡಿಯಾಗಿದ್ದವು. ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಮದುವೆಯಾದ ಹೊಸದರಲ್ಲಿದ್ದ ಅವಳ ಅಳತೆ ದರ್ಜಿಗೆ ಇನ್ನೂ ಬಾಯಿಪಾಠ. ಅದೇ ಅವನ ಸಂಕಟ. ಒಂದು ದಿನ ಅಂಗಡಿಗೆ ಬಂದ ಅವನ ಅಕ್ಕ, "ಆ ಮಾತ್ರೆ ಅವಳನ್ನ ಹಾಳು ಮಾಡ್ತಿದೆ ಕಣೋ, ನಿಲ್ಸು" ಎಂದಳು. "ಯಾವತ್ತೂ ಒಮ್ಮೆಗೇ ನಿಲ್ಲಿಸಬೇಡಿ" ಎಂದು ಹಿಂದೆ ಡಾಕ್ಟರು ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು.

ಪಟ್ಟಿಯಿಂದ ಮಾತ್ರೆ ಬಿಡಿಸಿಕೊಳ್ಳಲು ಅವಳ ಬೆರಳು ಬಾಗುತ್ತಿರಲಿಲ್ಲ. ದಿನವೂ ಇವನೇ ಬಿಡಿಸಿ, ಗುಂಡಿ ಡಬ್ಬಿಯ ಮುಚ್ಚಳದಲ್ಲಿಟ್ಟು ಕೊಡುತ್ತಿದ್ದ. ಈಗ ಅದೇ ಮುಚ್ಚಳದಲ್ಲಿ ಅದೇ ಗಾತ್ರದ ವಿಟಮಿನ್ ಮಾತ್ರೆ ಇಟ್ಟ. ಅವಳು ಹಿಂದುಮುಂದು ನೋಡದೆ ನುಂಗಿದಳು.

ಕೆಲವು ವಾರಗಳಲ್ಲಿ ಸೊಂಟದ ಅಳತೆ ಇಳಿಯಿತು. ದರ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು.

"ರೀ, ಎದ್ದು ನಿಂತ್ರೆ ತಲೆ ಸುತ್ತುತ್ತೆ. ಊಟಾನೂ ಸೇರ್ತಿಲ್ಲ, ಕೀಲೂ ಮತ್ತೆ ನೋಯ್ತಿದೆ."

"ತೂಕ ಇಳಿಯೋವಾಗ ಹಾಗೇ ಕಣೇ," ಎಂದು ನಕ್ಕ. ಹಳೆಯ ಅಳತೆಗೇ ನೀಲಿ ನಿಲುವಂಗಿಯೊಂದನ್ನು ಗುಟ್ಟಾಗಿ ಹೊಲಿದ.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಬೀದಿಗೆಲ್ಲ ಬಂದಿದ್ದ ಸಾಧಾರಣ ಜ್ವರ; ಉಳಿದವರು ಮಲಗಿ ಎದ್ದರು. ಇವಳು ವಾಂತಿ ಮಾಡಿಕೊಂಡು ಬಚ್ಚಲಲ್ಲಿ ಕುಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಹೊಸಬರು. ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು. "ದಿನಾ ಯಾವ್ದಾದ್ರೂ ಮಾತ್ರೆ ತಗೋತಿದ್ರಾ?"

"ಕೀಲುನೋವಿಂದು," ಎಂದಳು ಅವಳು, ಉಸಿರು ಎಳೆದುಕೊಳ್ಳುತ್ತ. "ಒಂದು ದಿನಾನೂ ತಪ್ಪಿಲ್ಲ. ಇವ್ರೇ ಕೈಯಾರೆ ಕೊಡ್ತಾರೆ."

ಆ ಹೆಮ್ಮೆ ಅವನ ಎದೆಗೆ ಇರಿಯಿತು. ಡಾಕ್ಟರಮ್ಮ ಅವನತ್ತ ತಿರುಗಿದರು. "ಯಾವ ಮಾತ್ರೆ?"

ಈಗಲಾದರೂ ಬಾಯಿ ಬಿಡಬಾರದೇ ಮಹಾರಾಯ! ಆದರೆ ಅವಳ ಕಣ್ಣೆದುರಿಗೇ ಕಳ್ಳನಾಗುವ ಧೈರ್ಯ ಅವನಿಗಿರಲಿಲ್ಲ. "ಕೀಲುನೋವಿಗೆ ಕೊಡೋ ವಿಟಮಿನ್," ಎಂದ.

ಡ್ರಿಪ್ ಹಾಕಿದರು, ಜ್ವರಕ್ಕೆ ಔಷಧಿ ಕೊಟ್ಟರು. ಬಾಟಲಿಯ ಮೇಲೆ ಬಾಟಲಿ ಇಳಿದರೂ ರಕ್ತದೊತ್ತಡ ಏರಲಿಲ್ಲ. ಅವಳಿಗೆ ಪ್ರಜ್ಞೆ ತಪ್ಪಿದ ಮೇಲೆ ದರ್ಜಿ ಹೊರಗೋಡಿ ಡಾಕ್ಟರಮ್ಮನ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಅವರು ನರ್ಸನ್ನು ಕೂಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದರು. ಆದರೆ ಕಾಲ ಮಿಂಚಿತ್ತು; ಅವಳು ಉಳಿಯಲಿಲ್ಲ.

"ಕಿಡ್ನಿ ಮೇಲೆ ಒಂದು ಪುಟ್ಟ ಗ್ರಂಥಿ ಇದೆ," ಎಂದರು ಡಾಕ್ಟರಮ್ಮ ಆಮೇಲೆ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಜ್ವರ ಬಂದಾಗ ಹೆಚ್ಚು ಹಾರ್ಮೋನ್ ಸುರಿಸಿ ಮನುಷ್ಯನ್ನ ಎತ್ತಿ ನಿಲ್ಸೋದು ಅದೇ. ವರ್ಷಗಟ್ಟಲೆ ಮಾತ್ರೆಯಿಂದ ಆ ಕೆಲಸ ನಡೆದ್ರೆ, ದುಡಿ ಅಂತ ಅದಕ್ಕೆ ಹೇಳೋದನ್ನ ಮೆದುಳು ಬಿಟ್ಟುಬಿಡುತ್ತೆ. ಗ್ರಂಥಿ ಮಲಗುತ್ತೆ. ಮಾತ್ರೆ ಸ್ವಲ್ಪಸ್ವಲ್ಪವೇ ಇಳಿಸಿ ಅದನ್ನ ಎಬ್ಬಿಸ್ಬೇಕಿತ್ತು. ನೀವು ಒಂದೇ ಸಲ ಕಿತ್ಕೊಂಡ್ರಿ."

ಅವಳಿಗೆ ತೊಡಿಸಲು ಬಟ್ಟೆ ತರಲು ಹೇಳಿದರು. ನೀಲಿ ನಿಲುವಂಗಿ ತಂದುಕೊಟ್ಟು ಬಾಗಿಲಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ನರ್ಸ್ ಅದನ್ನು ಹಿಡಿದೇ ಹೊರಬಂದಳು. "ಡ್ರಿಪ್ ನೀರಿಗೆ ಮೈ ಊದಿದೆ, ಹಿಡೀತಿಲ್ಲ. ನೀವು ದರ್ಜಿ ಅಲ್ವಾ ಅಣ್ಣ, ಪಕ್ಕದ ಹೊಲಿಗೆ ಬಿಚ್ಚಿ ಕೊಡ್ತೀರಾ?"

ದರ್ಜಿ ಅಂಗಿಯನ್ನು ಒಳಮೈ ತಿರುವಿದ. ಹೊಲಿಗೆಯುದ್ದಕ್ಕೂ ಬೆರಳಾಡಿಸಿದ. ಒಳಗೆ ಬಿಡಿಸಲು ಏನೂ ಇರಲಿಲ್ಲ. ಇನ್ನು ಇವಳು ದಪ್ಪಗಾಗುವುದಿಲ್ಲವೆಂದು, ಅದೊಂದೇ ಅಂಗಿಯಲ್ಲಿ, ಆ ಎರಡು ಬೆರಳು ಬಟ್ಟೆಯನ್ನು ಅವನೇ ಕತ್ತರಿಸಿ ಎಸೆದಿದ್ದ.