ನನ್ನ ಸರದಿಯ ಸ್ತೋತ್ರ

ಗಂಟಲಲ್ಲಿ ಗಡ್ಡೆ ಇತ್ತು. ಡಾಕ್ಟರು ಅದರ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಈಗ ನಾನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಮಾತು ಹೋಯಿತು, ಸಿಟ್ಟು ಹೋಗಿಲ್ಲ. ಬೇಕಾದರೆ ನನ್ನ ಯಜಮಾನರನ್ನೇ ಕೇಳಿ ನೋಡಿ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಸಂಜೆ ಊಟಕ್ಕೆ ಕೂತಾಗ, ತಟ್ಟೆಗೆ ಕೈಹಾಕುವ ಮೊದಲು, ಪ್ರತಿಯೊಬ್ಬರೂ ಆ ದಿನ ಸಿಕ್ಕಿದ ಒಂದು ಸಂತೋಷವನ್ನು ದೇವರಿಗೆ ಬಾಯಿಬಿಟ್ಟು ಹೇಳಬೇಕು. ಅದೇ ನಮ್ಮ ಸ್ತೋತ್ರ. ದೊಡ್ಡದೇ ಆಗಬೇಕೆಂದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು ಅಂದರೂ ಆದೀತು. ಆದರೆ ಅವತ್ತಿನದೇ ಆಗಿರಬೇಕು, ನಿನ್ನೆಯ ಹಳಸಲು ನಡೆಯುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನೇ ಶುರುಮಾಡಿದ್ದು ಇದು.

ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ದಿನವಿಡೀ ಹಬೆ, ಬೆವರು, ಚಾದರದ ರಾಶಿ. ಅದರ ನಡುವೆಯೇ ಸಂಜೆಯ ಸ್ತೋತ್ರವನ್ನು ಹುಡುಕುತ್ತಿದ್ದೆ. ಸಿಗದ ದಿನವೇ ಇರಲಿಲ್ಲ. ದೇವರು ನನಗೆಂದೇ ಯಾವುದೋ ಮಡಿಕೆಯಲ್ಲಿ ಏನೋ ಬಚ್ಚಿಟ್ಟಿರುತ್ತಾನೆ ಅನ್ನಿಸುತ್ತಿತ್ತು.

ಆಪರೇಷನ್ ಮುಗಿಸಿ ಮನೆಗೆ ಬಂದ ಸಂಜೆ ಮಗಳು ಹೇಳಿದಳು, ನಾದಿನಿ ಹೇಳಿದಳು, ಯಜಮಾನರು ಹೇಳಿದರು. ನನ್ನ ಸರದಿ ಬಂತು. ನಾನು ತುಟಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿಬಿಟ್ಟರು.

"ಕರ್ತನೇ, ಇವಳ ಪರವಾಗಿ ನಾನೇ ಹೇಳ್ತೀನಿ. ಜೀವ ಉಳಿಸಿದ್ಯಲ್ಲ, ಅಷ್ಟು ಸಾಕು. ಆಮೆನ್."

ಎಲ್ಲರೂ ಆಮೆನ್ ಎಂದು ತಟ್ಟೆಗೆ ಕೈಹಾಕಿದರು. ಮೊದಲ ದಿನ ಹೋಗಲಿ ಬಿಡು ಎಂದುಕೊಂಡೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ನನಗೆ ಮೈಯೆಲ್ಲ ಉರಿಯಿತು. ಸಾಕಂತೆ! ನನಗೆ ಎಷ್ಟು ಸಂತೋಷ ಸಾಕು ಎಂದು ಅಳೆಯಲು ಇವರು ಯಾರು?

ಮಗಳು ಸ್ಲೇಟು ತಂದುಕೊಟ್ಟಳು. "ಇದ್ರಲ್ಲಿ ಬರಿ ಅಮ್ಮ, ನಾನು ಓದಿ ಹೇಳ್ತೀನಿ." ಉಪ್ಪು ಮುಗಿದಿದೆ ಎಂದು ಬರೆಯಲು ಸ್ಲೇಟು ಸರಿ. ಸ್ತೋತ್ರವೇನು ರಜೆಯ ಅರ್ಜಿಯೇ, ಬರೆದುಕೊಟ್ಟು ಇನ್ನೊಬ್ಬರಿಂದ ಓದಿಸಲು? ನಾನು ಅದನ್ನು ಅತ್ತ ಸರಿಸಿದೆ.

ನೋಡಲು ಬಂದ ಪಾಸ್ಟರ್ ನನ್ನ ತಲೆಯ ಮೇಲೆ ಕೈಯಿಟ್ಟು, "ಮೌನಾನೂ ಒಂದು ಪ್ರಾರ್ಥನೆನೇ ಅಮ್ಮ. ಶಾಂತವಾಗಿ ಒಪ್ಕೊಂಡ್ಬಿಡಿ" ಎಂದರು. ಒಳ್ಳೆಯ ಮನುಷ್ಯ. ಆದರೆ ಅವರು ಬಾಯಿ ಮುಚ್ಚಿ ಕೂತಿದ್ದನ್ನು ನಮ್ಮ ಸಭೆಯಲ್ಲಿ ಯಾರೂ ಕಂಡಿಲ್ಲ.

ಆಮೇಲೆ ಸಿಟ್ಟಿನ ಜಾಗದಲ್ಲಿ ಭಯ ಹುಟ್ಟಿತು. ಸಂಜೆ ಹೇಳುವುದು ತಪ್ಪಿದ ಮೇಲೆ ಹಗಲಲ್ಲಿ ಹುಡುಕುವುದೂ ತಪ್ಪತೊಡಗಿತು. ಕೆಲಸಕ್ಕೆ ಮರಳಿದರೆ ಚಾದರ ಬರೀ ಚಾದರವಾಗಿತ್ತು. ದನಿ ಹೋದಾಗ ನಾನು ಇಷ್ಟು ಹೆದರಿರಲಿಲ್ಲ.

ಹಾಗಿರುವಾಗ ಒಂದು ದಿನ ದೊಡ್ಡ ಡಾಕ್ಟರ ಬಿಳಿ ಕೋಟು ಬಂತು, ಇಸ್ತ್ರಿಗೆ ಮಾತ್ರ. ಜೇಬು ನೋಡದೆ ಇಸ್ತ್ರಿಪೆಟ್ಟಿಗೆ ಒತ್ತಿದೆ. ಜೇಬಿನೊಳಗೆ ಚಾಕೊಲೇಟು. ಕರಗಿ ಕೋಟಿನ ಎದೆಯ ಮೇಲೆಲ್ಲ ಹರಿಯಿತು. ನನಗೆ ಸಿಹಿ ಮುಟ್ಟಕೂಡದು ಎಂದು ಕಣ್ಣು ಕೆಂಪಗೆ ಮಾಡಿ ಗದರಿದ್ದು ಇದೇ ಡಾಕ್ಟರು! ನಗು ಒತ್ತರಿಸಿ ಬಂತು. ನನ್ನ ನಗುವಿಗೆ ಈಗ ಸದ್ದಿಲ್ಲ. ಹೆಗಲು ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕುತ್ತಿಗೆಯಿಂದ ಪುಸುಪುಸು ಗಾಳಿ ಹೊರಡುತ್ತದೆ, ಅಷ್ಟೆ.

ಬಾಯ್ಲರ್ ನೋಡಿಕೊಳ್ಳುವವನು ಓಡಿಬಂದ. ಅವನನ್ನು ನಾವೆಲ್ಲ ಹಬೆಯಣ್ಣ ಎನ್ನುತ್ತೇವೆ. "ಅಳ್ಬೇಡ ಅಕ್ಕ, ಕೋಟು ತಾನೇ, ಹಾಳಾಗ್ ಹೋಗ್ಲಿ" ಎಂದು ಸಮಾಧಾನ ಮಾಡಿದ. ನಾನು ಇನ್ನಷ್ಟು ನಕ್ಕೆ. ಅವನು ನನ್ನ ಗೋಳು ನೋಡಲಾರದೆ ತಾನೇ ಕಣ್ಣೊರೆಸಿಕೊಂಡ. ಹೊಟ್ಟೆ ಹುಣ್ಣಾಗುವುದೊಂದು ಬಾಕಿ.

ಇಂಥದ್ದನ್ನು ದೇವರಿಗೆ ಹೇಳದೆ ಇರುವುದೇ? ಸಾಧ್ಯವೇ ಇಲ್ಲ.

ಸಂಜೆ ಯಜಮಾನರು "ಇವಳ ಪರವಾಗಿ" ಎಂದು ಶುರುಮಾಡುತ್ತಿದ್ದಂತೆ ನಾನು ಅವರ ಬಾಯಿಗೆ ಅಡ್ಡ ಕೈಯಿಟ್ಟೆ. ಎಲ್ಲರೂ ಕಣ್ಣು ಬಿಟ್ಟರು. ನಾನು ಕಣ್ಣು ಮುಚ್ಚಿ ತುಟಿಯಾಡಿಸಿ ಹೇಳತೊಡಗಿದೆ, ಮೊದಲಿನಷ್ಟೇ ಉದ್ದಕ್ಕೆ, ಕೈಬಾಯಿ ತಿರುಗಿಸಿಕೊಂಡು. ಹೇಳುತ್ತ ಹೇಳುತ್ತ ಹೆಗಲು ಮತ್ತೆ ಕುಣಿಯಿತು.

"ಅಯ್ಯೋ, ಅತ್ತಿಗೆ ಅಳ್ತಿದ್ದಾರೆ" ಎಂದಳು ನಾದಿನಿ.

"ಸಾಕು ಮಾಡೇ" ಎಂದು ಯಜಮಾನರು ತಡೆದರು. "ಒಂದಕ್ಷರ ಕೇಳಿಸ್ತಿಲ್ಲ ನಮಗೆ."

ನಾನು ಮೇಲಕ್ಕೆ ಬೆರಳು ತೋರಿಸಿದೆ. ನಿಮಗೆ ಹೇಳುತ್ತಿದ್ದೇನೆಂದು ಯಾರು ಅಂದರು?

ಅವರ ಮುಖ ಸಣ್ಣದಾಯಿತು. "ನೀನು ತುಟಿ ಆಡಿಸ್ತೀಯ, ಏನೂ ಕೇಳಿಸಲ್ಲ. ನನ್ನಿಂದ ತಡ್ಕೊಳ್ಳಕ್ಕಾಗಲ್ಲ ಕಣೇ. ಅದಕ್ಕೇ ನಾನೇ ಬೇಗ ಹೇಳಿ ಮುಗಿಸ್ತಿದ್ದೆ."

ಪಾಪ ಅನ್ನಿಸಿತು. ಇಷ್ಟು ದಿನ ನನಗಾಗಿ ಅಲ್ಲ, ತಮಗಾಗಿ ಹೇಳಿಕೊಳ್ಳುತ್ತಿದ್ದರು ಮನುಷ್ಯ. ಆದರೂ ನನ್ನ ಸರದಿ ನನ್ನದೇ. ಕುತ್ತಿಗೆಗೆ ಕಟ್ಟಿದ ಬಟ್ಟೆ ಸರಿಸಿ, ಅವರ ಕೈಯನ್ನು ಎಳೆದು ತೂತಿನ ಮುಂದೆ ಹಿಡಿದುಕೊಂಡೆ. ಮೊದಲಿನಿಂದ ಶುರುಮಾಡಿದೆ. ಪ್ರತಿ ಮಾತಿಗೂ ಉಸಿರು ಅವರ ಅಂಗೈಗೆ ಬಡಿಯಿತು. ಕೋಟಿನ ಕಥೆ ಬಂದಾಗ ಅದು ಪುಸುಪುಸು ಎಂದು ಕುಣಿಯಿತು.

ಅವರು ನನ್ನ ಮುಖ ನೋಡಿದರು, ಅಂಗೈ ನೋಡಿದರು.

"ಅಳ್ತಿಲ್ಲ ಇವಳು" ಎಂದರು ತಂಗಿಗೆ. "ನಗ್ತಿದ್ದಾಳೆ."

ಕೈ ಹಿಂದಕ್ಕೆ ತೆಗೆಯಲಿಲ್ಲ. ನನಗೆ ಹೇಳುವುದು ಇನ್ನೂ ಬಹಳ ಇತ್ತು. ಹೇಳುತ್ತಲೇ ಹೋದೆ.