ಐತಣ್ಣನ ಪಾಸ್‌ವರ್ಡ್

ಈ ತಮಿಳು ಪಟ್ಟಣದ ಗಿಂಡಿ, ಮಾಧವರಂ, ತಾಂಬರಂ, ಮೂರು ಕಡೆ ನಮ್ಮ ಹೋಟೆಲು. ಮೂರಕ್ಕೂ ಬಿಲ್ಲು ಹಾಕುವ ಕಂಪ್ಯೂಟರ್ ಸರ್ವರು ಬೇರೆ. ಒಂದೊಂದು ಹೋಟೆಲಿಗೆ ಒಂದು ಪಾಸ್‌ವರ್ಡ್, ಕ್ಯಾಶಿನಲ್ಲಿ ಯಾರು ಕೂತರೂ ಅದೇ. ಊರಿನಲ್ಲಿ ದೈವದ ಕೋಲ ಅಂದರೆ ಸಾಕು, ಒಂದು ಹೋಟೆಲಿನ ಅರ್ಧ ಜನ ರೈಲು ಹತ್ತುತ್ತಾರೆ, ಇನ್ನೊಂದು ಕಡೆಯವರು ಬಂದು ಕೂರುತ್ತಾರೆ. ಆಗ ಪಾಸ್‌ವರ್ಡನ್ನು ಫೋನಿನಲ್ಲಿ ಕೂಗಿ ಹೇಳುವುದು ನಮ್ಮ ಪದ್ಧತಿ. ಪೊಂಗಲ್ ತಿನ್ನುವ ಗಿರಾಕಿಗಳಿಗೂ ಅದು ಬಾಯಿಪಾಠ.

ಇದನ್ನು ನೋಡಿ ನೋಡಿ ನನ್ನ ಮಗಳು ಅಶ್ವಿತಾಳಿಗೆ ತಲೆ ಕೆಟ್ಟಿತು. ಎಂಜಿನಿಯರಿಂಗ್ ಓದಿದವಳು, ಹಟ ಹಿಡಿದು ಕೂತು ಎಲ್ಲರ ಖಾತೆಗಳನ್ನೂ ಗಿಂಡಿಯ ಒಂದೇ ಸರ್ವರಿಗೆ ತಂದಳು. ಒಬ್ಬರಿಗೆ ಒಂದು ಹೆಸರು, ಅವರದೇ ಪಾಸ್‌ವರ್ಡ್, ಮೂರು ಕಡೆಯೂ ಅದೇ ನಡೆಯುತ್ತದೆ. ಕೆಲಸ ಬಿಟ್ಟವರನ್ನು ಒಂದೇ ಕಡೆ ತೆಗೆದರಾಯಿತು. ನಾನು ಬಂದವರ ಹತ್ತಿರವೆಲ್ಲ ಜಂಬ ಕೊಚ್ಚಿಕೊಂಡೆ.

ತಾಂಬರಂನ ಐತಣ್ಣ ಮಾತ್ರ ಮುಖ ಊದಿಸಿಕೊಂಡ. ನನ್ನ ಗಂಡ ಇದ್ದಾಗಿನಿಂದ ಕ್ಯಾಶಿನಲ್ಲಿ ಕೂತವನು.

"ಇಷ್ಟು ವರ್ಷ ಎಲ್ಲರಿಗೂ ಒಂದೇ ಇತ್ತು. ಈಗ ನನಗೆ ಬೇರೆ ಯಾಕೆ ಸುಗುಣಕ್ಕ? ನನ್ನ ಮೇಲೆ ಸಂಶಯವಾ? ಹಾಗಾದ್ರೆ ನಾನು ಊರಿಗೆ ಹೋಗ್ತೇನೆ."

ನಾನು ಮಗಳ ಮೇಲೆ ರೇಗಿದೆ. "ಅವ ಹೋದ್ರೆ ಕ್ಯಾಶಿನಲ್ಲಿ ನಿನ್ನ ಸರ್ವರು ಕೂರ್ತದಾ ಮಾರಾಯ್ತಿ?"

ಅವಳು ನನ್ನ ಕಡೆ ನೋಡಲೂ ಇಲ್ಲ. "ಐತಣ್ಣ, ಕೊಂಜಂ ಇರಿ. ನಾಳೆ ಗಿಂಡಿಯಲ್ಲಿ ಆಳಿಲ್ಲ, ಒಂದು ದಿನ ಬಂದು ಕೂತುಕೊಳ್ಳಿ. ಆಮೇಲೂ ಬೇಡ ಅಂದ್ರೆ ನಾನೇ ಎಲ್ಲ ಕಿತ್ತು ಹಾಕ್ತೇನೆ."

ಮರುದಿನ ಅವನು ಗೊಣಗುತ್ತಲೇ ಗಿಂಡಿಗೆ ಬಂದ. ತಾಂಬರಂನಲ್ಲಿ ಇಟ್ಟುಕೊಂಡು ಇನ್ನೂ ಬಳಸದಿದ್ದ ಪಾಸ್‌ವರ್ಡನ್ನೇ ಒಂದೇ ಬೆರಳಿನಲ್ಲಿ ಒತ್ತಿದ. ಪರದೆ ತೆರೆಯಿತು. ಮೊದಲ ಬಿಲ್ಲು ಬಂತು. ಕೆಳಗೆ ಅಚ್ಚಾಗಿತ್ತು: ಕ್ಯಾಶಿಯರ್, ಐತ.

ಗಿರಾಕಿ ಕೈ ಚಾಚಿ ನಿಂತೇ ಇದ್ದ. ಐತಣ್ಣ ಆ ಬಿಲ್ಲನ್ನು ಕೊಡಲಿಲ್ಲ, ಇನ್ನೊಂದು ತೆಗೆದು ಕೊಟ್ಟ. ನಮ್ಮ ಬೋರ್ಡಿನಲ್ಲಿರುವುದು ನನ್ನ ಗಂಡನ ಹೆಸರು. ಐತಣ್ಣನ ಹೆಸರು ಈವರೆಗೆ ಎಲ್ಲೂ ಇರಲಿಲ್ಲ.

"ಮಾಧವರಂನಲ್ಲೂ ಹೀಗೇ ಬರ್ತದಾ?"

"ಎಲ್ಲ ಕಡೆ," ಎಂದಳು ಅಶ್ವಿತಾ. "ನಿಮ್ಮ ಹೆಸರಲ್ಲಿ ಬೇರೆ ಯಾರಿಗೂ ಬಿಲ್ ಹಾಕ್ಲಿಕ್ಕೆ ಆಗುದಿಲ್ಲ. ಅಮ್ಮನಿಗೂ."

ಅವನು ಬಿಲ್ಲನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದು ಅವನು ಮತ್ತೆ ಕೂತಾಗ ನಾನು ಹಿಂದೆಯೇ ನಿಂತಿದ್ದೆ. ಅವನು ಕೀಬೋರ್ಡಿನ ಮೇಲೆ ಅಂಗೈ ಅಡ್ಡ ಹಿಡಿದ.

"ಅಕ್ಕ, ಸ್ವಲ್ಪ ಆಚೆ ತಿರುಗಿ. ಪಾಸ್‌ವರ್ಡ್ ಹಾಕ್ಲಿಕ್ಕುಂಟು."

ಮೂರು ಹೋಟೆಲಿನ ಯಜಮಾನಿ ನಾನು. ತಿರುಗಿ ನಿಂತೆ. ಎದುರಿಗೆ ನನ್ನ ಮಗಳಿದ್ದಳು. ಹೆಮ್ಮೆಗೆ ನನ್ನ ಕಣ್ಣು ತುಂಬಿ ಬಂತು.