ಮೂರನೇ ಲೋಟ

ಎರಡನೇ ಲೋಟ ಕುಡಿದು ಎಷ್ಟೋ ಹೊತ್ತಾಯಿತು, ಸಲ್ಕಾ ಅಜ್ಜಿ ಮೂರನೆಯದನ್ನು ಕೊಡುವ ಲಕ್ಷಣವೇ ಇಲ್ಲ. ಲೋಟದಿಂದ ಲೋಟಕ್ಕೆ ಚಹಾ ಎತ್ತಿ ಸುರಿಯುತ್ತಾಳೆ, ನೊರೆ ನೋಡುತ್ತಾಳೆ, ಸಾಲದೆಂದು ಮತ್ತೆ ಕೆಂಡದ ಮೇಲಿಡುತ್ತಾಳೆ. ಮೂರು ಲೋಟ ಆಗದೆ ಅತಿಥಿ ಏಳುವ ಹಾಗಿಲ್ಲ. ಅಲ್ಜೀರಿಯಾದ ಇಂಜಿನಿಯರ್ ಲಖ್ದರನಿಗೂ ಅದು ಗೊತ್ತು. ಪಾಪ, ಕಾಲು ಜೋಮು ಹಿಡಿದರೂ ಕೂತೇ ಇದ್ದ. ಹೊರಗೆ ಅವನ ಆಳುಗಳು ಕರೆಂಟಿನ ಕಂಬವನ್ನು ಮರಳ ಮೇಲೆ ಮಲಗಿಸಿ ನೆರಳಿಗೆ ಸರಿದಿದ್ದರು.

ಕಂಬ ನೆಡಬೇಕಾದ ಜಾಗದಲ್ಲೇ ಅಜ್ಜಿಯ ಗುಡಾರ. ಪಕ್ಕದಲ್ಲಿ ಮಣ್ಣಿಟ್ಟಿಗೆಯ ಮನೆಯಿದೆ, ಮಗಳು ಮಿನಾತು, ಮೊಮ್ಮಗಳು ಇಬ್ಬರೂ ಅಲ್ಲೇ. ಅಜ್ಜಿ ಮಾತ್ರ ಗುಡಾರ ಬಿಟ್ಟವಳಲ್ಲ. ತಮ್ಮ ನಾಡನ್ನು ಆಕ್ರಮಿಸಿದ ಮೊರಾಕ್ಕೊದ ವಿಮಾನಗಳಿಗೆ ಹೆದರಿ ಹುಟ್ಟೂರು ಬಿಟ್ಟು, ಗಡಿ ದಾಟಿ ಅಲ್ಜೀರಿಯಾದ ಈ ನಿರಾಶ್ರಿತರ ಶಿಬಿರಕ್ಕೆ ಬಂದಾಗ ಕಂಕುಳ ಕೂಸಾಗಿದ್ದ ಮಿನಾತುವಿಗೆ ಈಗ ತಲೆ ನರೆತಿದೆ. ಆದರೂ ಶಿಬಿರದಲ್ಲಿ ಯಾರಾದರೂ ಸಿಮೆಂಟಿನ ಮಾತೆತ್ತಿದರೆ ಅಜ್ಜಿಗೆ ಆಗದು. ಗೂಟ ಕೀಳುವುದು, ಗುಡಾರ ಮಡಚುವುದು, ಅದರ ಮೇಲೆ ಕೂತು ಲಾರಿ ಕಾಯುವುದು. ಊರಿಗೆ ಮರಳುವ ದಿನವನ್ನು ಅವಳು ಹೀಗೆ ಎಷ್ಟು ಸಲ ಹೇಳಿದ್ದಾಳೋ!

ಹಾಗಂತ ಅಲ್ಜೀರಿಯಾದವರ ಕಂಬ ಬೇಡ ಅನ್ನುವುದಾದರೂ ಹೇಗೆ? ಕೂತ ನೆಲ ಅವರದು, ಕುಡಿಯುವ ನೀರು ಅವರದು, ಮಿನಾತು ಓದಿದ್ದು ಅವರ ಶಾಲೆಯಲ್ಲಿ, ಅಜ್ಜಿಯ ಗಂಡ ಯುದ್ಧದಲ್ಲಿ ಸಾಯುವಾಗ ಕೈಯಲ್ಲಿದ್ದ ಬಂದೂಕೂ ಅವರೇ ಕೊಟ್ಟದ್ದು. ಉಂಡ ಮನೆಗೆ ಎರಡು ಬಗೆಯುವ ಜನ ನಾವಲ್ಲ. ಅದಕ್ಕೇ ಅಜ್ಜಿ ಚಹಾ ಕುದಿಸುತ್ತಲೇ ಇದ್ದಳು.

ಮನೆಯೊಳಗಿಂದ ಮೊಮ್ಮಗಳ ದಮ್ಮು ಕೇಳಿಸುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಉಸಿರಿನ ಯಂತ್ರವನ್ನು ಕಾರಿನ ಬ್ಯಾಟರಿಗೆ ಹಚ್ಚಿದರೆ ಅರ್ಧಕ್ಕೇ ನಿಂತುಬಿಡುತ್ತದೆ. ಮಿನಾತು ಗುಡಾರದ ಬಾಗಿಲಿಗೆ ಬಂದಳು.

"ಅವ್ವಾ, ಇನ್ನೆಷ್ಟು ಕುದಿಸ್ತೀಯೇ? ಆ ಸೊಪ್ಪಲ್ಲಿ ಇನ್ನೇನು ಉಳಿದಿದೆ?"

ಅಜ್ಜಿ ಅವಳತ್ತ ನೋಡಲಿಲ್ಲ. ಲಖ್ದರನನ್ನು ಕೇಳಿದಳು, "ಆ ಕಂಬ ಆಮೇಲೆ ಕೀಳೋಕೆ ಬರುತ್ತೇನಪ್ಪಾ?"

ಮಾತು ಸಿಕ್ಕಿದ್ದೇ ಅವನು ಹಿಗ್ಗಿದ. "ಯಾಕಮ್ಮಾ ಕೀಳ್ಬೇಕು? ಬುಡಕ್ಕೆ ಸಿಮೆಂಟು ಹಾಕ್ತೀವಿ. ನಿಮಗೆ ಸ್ವಾತಂತ್ರ್ಯ ಸಿಗೋವರೆಗೂ ನಾವು ಕೈ ಬಿಡಲ್ಲ. ಇನ್ನೂ ಐವತ್ತು ವರ್ಷ ಆಗ್ಲಿ, ಇದು ಅಲ್ಲಾಡಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಐವತ್ತೇ, ಅಂದಳು ಅಜ್ಜಿ ತನ್ನಷ್ಟಕ್ಕೆ. ಒಳಗೆ ಮಗು ಉಸಿರು ಸಿಕ್ಕದೆ ಕೆಮ್ಮತೊಡಗಿತು, ಮಿನಾತು ಓಡಿದಳು. ಅಜ್ಜಿ ಮೂರನೇ ಲೋಟಕ್ಕೆ ಚಹಾ ಬಗ್ಗಿಸಿ ಅವನ ಮುಂದಿಟ್ಟಳು.

"ಕುಡಿಯಪ್ಪಾ. ದೇವರು ನಿಮ್ಮ ದೇಶಾನ ತಣ್ಣಗಿಟ್ಟಿರಲಿ."

ಆಳುಗಳಿಗೆ ಅವಳು ಗುಡಾರ ಮುಟ್ಟಗೊಡಲಿಲ್ಲ. ಗೂಟಗಳನ್ನು ತಾನೇ ಕಿತ್ತಳು, ಏದುಸಿರು ಬಿಡುತ್ತ ತಾನೇ ಮಡಚಿ ಗೋಡೆಯ ಪಕ್ಕಕ್ಕೆ ಎಳೆದಳು. ಗುಡಾರವಿದ್ದ ಜಾಗದಲ್ಲಿ ಗುಂಡಿ ತೋಡಿ ಸಿಮೆಂಟು ಕಲಸತೊಡಗಿದರು. ಅಜ್ಜಿ ಗೂಟಗಳನ್ನು ಮಡಿಲಲ್ಲಿಟ್ಟುಕೊಂಡು, ಮಡಚಿದ ಗುಡಾರದ ಮೇಲೆ, ಲಾರಿಗಳು ಬರುವ ದಾರಿಯ ಕಡೆ ಮುಖ ಮಾಡಿ ಕೂತಳು.